‘ನನ್ನ ಮುಖ ನೋಡಿ ಹೇಳು’ ಅನ್ನುವ ಮೊದಲು

ಮೊನ್ನೆ ಒಂದು ನಲಿಕಲಿ ಕೊಠಡಿಯಲ್ಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪಾಗಿ ಕೂತು ಕಾರ್ಡುಗಳಿಂದ ಕಲಿಯುವಲ್ಲಿ, ನಡೆದದ್ದು. ಭೇಟಿಗೆ ಬಂದ ಅಧಿಕಾರಿಯೊಬ್ಬರು ಒಂದನೇ ತರಗತಿಯ ಹುಡುಗಿಯನ್ನು ಹವಾಮಾನ ನಕ್ಷೆಯ ಹತ್ತಿರ ಕರೆದು ‘ಇವತ್ತು ಬಿಸಿಲೋ, ಮೋಡವೋ?’ ಎಂದು ಕೇಳಿದರು. ಅವಳು ಕಿಟಕಿಯ ಕಡೆ ತಿರುಗಿದಳು. ‘ಅಲ್ಲೇನು ನೋಡ್ತೀಯಾ, ನನ್ನ ಮುಖ ನೋಡಿ ಹೇಳು!’ ಮೋಡ ಇದ್ದದ್ದು ಕಿಟಕಿಯಾಚೆ, ಸಾಹೇಬರ ಮುಖದಲ್ಲಲ್ಲ. ಹುಡುಗಿ ತಲೆ ತಗ್ಗಿಸಿದಳು. ಅವರು ಬೆರಳಿನಿಂದ ಗಲ್ಲ ಎತ್ತಿದರು. ತಲೆ ಮೇಲೆ ಬಂತು, ಕಣ್ಣು ಮಾತ್ರ ಅವರ ಅಂಗಿಯ ಗುಂಡಿಯಲ್ಲೇ ನಿಂತಿತು. ಐದೂ ತಟ್ಟೆಯ (ನಲಿಕಲಿಯಲ್ಲಿ ಗುಂಪಿಗೆ ಹೀಗೆನ್ನುತ್ತಾರೆ) ಮಕ್ಕಳು ಕಾರ್ಡು ಬಿಟ್ಟು ಇತ್ತಲೇ ನೋಡತೊಡಗಿದರು. ‘ಹೇಳು ಪುಟ್ಟಿ, ನಿಂಗೆ ಗೊತ್ತಲ್ವಾ’ ಎಂದು ಮೇಡಂ ಪಕ್ಕದಿಂದ ಪಿಸುಗುಟ್ಟಿದ್ದು ಇನ್ನಷ್ಟು ಕೆಡಿಸಿತು. ತುಟಿ ಅದುರಿತು, ಮಾತು ಬರಲಿಲ್ಲ. ‘ಕಣ್ಣಿಗೆ ಕಣ್ಣಿಟ್ಟು ಉತ್ತರಿಸುತ್ತದೆ’ ಎಂಬ ಕಾಲಂನಲ್ಲಿ ‘ಇಲ್ಲ’ ಬಿತ್ತು. ಜೀಪು ಗೇಟು ದಾಟುವ ಮೊದಲೇ ಅವಳು ನಕ್ಷೆಯಲ್ಲಿ ಮೋಡ ಬರೆದು ಬಂದು ಕೂತಿದ್ದಳು.

ಆ ಕಾಲಂ ಮಾಡಿದವರು ಚಿಕ್ಕ ಮಕ್ಕಳ ಜೊತೆ ಎಷ್ಟು ಹೊತ್ತು ಕೂತಿದ್ದರೋ ತಿಳಿಯದು. ಯೋಚಿಸಬೇಕಾದ ಪ್ರಶ್ನೆ ಬಂದರೆ ಕಣ್ಣು ಬೇರೆ ಕಡೆ ಹೋಗುವುದು ದೊಡ್ಡವರಲ್ಲೂ ಇದ್ದದ್ದೇ. ಎದುರಿನ ಮುಖವನ್ನು ಓದುವುದೇ ಮೆದುಳಿಗೊಂದು ಕೆಲಸ; ಅದನ್ನು ಬದಿಗಿಟ್ಟರೆ ಲೆಕ್ಕಕ್ಕೆ ಜಾಗ ಸಿಗುತ್ತದೆ. 7ಕ್ಕೆ 5 ಕೂಡಿಸು ಎಂದಾಗ ಸೂರು ನೋಡುವ ಮಗು ಲೆಕ್ಕದಲ್ಲೇ ಇದೆ. ಅಲ್ಲಿ ತಡೆಯಬಾರದು. ಕಣ್ಣು ಸೇರಬೇಕಾದದ್ದು ಬೇರೆ ಹೊತ್ತಿನಲ್ಲಿ: ನಮಸ್ತೆ ಹೇಳುವಾಗ, ಏನಾದರೂ ಕೇಳುವಾಗ, ಕೊಡು-ತಗೋ ಮಾಡುವಾಗ, ತಾನು ಬರೆದದ್ದನ್ನು ತೋರಿಸುವಾಗ. ಗಮನಿಸಬೇಕಾದದ್ದೂ ಅವನ್ನೇ.

ಮನೆಯ ಪಾಠವನ್ನೂ ಮರೆಯುವಂತಿಲ್ಲ. ‘ದೊಡ್ಡವರು ಮಾತಾಡುವಾಗ ಏನು ದುರುಗುಟ್ಟಿ ನೋಡ್ತೀಯಾ’ ಎಂದು ಬೈಸಿಕೊಂಡು ಬೆಳೆದ ಮಗುವಿಗೆ ಕಣ್ಣು ತಗ್ಗಿಸುವುದೇ ಮರ್ಯಾದೆ. ಐದು ವರ್ಷ ಕಲಿಸಿದ್ದನ್ನು ಜೂನ್ ತಿಂಗಳಲ್ಲೇ ಬಿಡಿಸಲು ಹೊರಟರೆ ಮಗು ಯಾರ ಮಾತು ಕೇಳಬೇಕು?

ಮೊದಲು ಸರಿಯಾಗಬೇಕಾದದ್ದು ನಾವು ಕೂರುವ ರೀತಿ. ನಿಂತು ಮಾತಾಡಿದರೆ ಚಾಪೆಯ ಮೇಲಿನ ಮಗುವಿಗೆ ಕಾಣುವುದು ಸೀರೆಯ ನೆರಿಗೆ ಅಷ್ಟೇ. ಕೆಳಗೆ ಕೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಬನ್ನಿ. ಎದುರಾಬದುರಾ ಬೇಡ, ಸ್ವಲ್ಪ ಓರೆಯಾಗಿ. ಮಗು ಬೇಕಾದಾಗ ನೋಡಿ, ಸಾಕಾದಾಗ ಕಣ್ಣು ತಿರುಗಿಸಲು ದಾರಿ ಇರಬೇಕು. ಎರಡು, ಎರಡೂವರೆ ಅಡಿ ದೂರ ಸಾಕು. ಕಿಟಕಿಗೆ ಬೆನ್ನು ಹಾಕಿ ಕೂರಲೇಬಾರದು, ಹಿಂದಿನ ಬೆಳಕಿಗೆ ನಮ್ಮ ಮುಖ ಕಪ್ಪಗೆ ಕಾಣುತ್ತದೆ. ಬಹಳಷ್ಟು ಕೊಠಡಿಗಳಲ್ಲಿ ಮೇಜು ಇರುವುದೇ ಕಿಟಕಿಗೆ ಬೆನ್ನಾಗಿ.

ಇನ್ನು ಕಾರ್ಡು ಕೊಡುವ ಕ್ರಮ. ಮೊದಲು ಹೆಸರು ಕರೆಯಿರಿ, ಒಮ್ಮೆ ಮಾತ್ರ. ಕಾರ್ಡನ್ನು ನಿಮ್ಮ ಕೆನ್ನೆಯ ಪಕ್ಕ, ಕಣ್ಣಿನ ಎತ್ತರಕ್ಕೆ ಹಿಡಿಯಿರಿ. ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಕಾರ್ಡು ನೋಡಲು ಬಂದ ಕಣ್ಣು ಅರೆಕ್ಷಣ ಮುಖಕ್ಕೂ ತಾಗುತ್ತದೆ. ಅದೇ ಕ್ಷಣಕ್ಕೆ ನಕ್ಕು ಕಾರ್ಡು ಕೊಟ್ಟುಬಿಡಿ. ಅಷ್ಟು ಸಾಕು. ಐದಾದರೂ ನೋಡಲಿಲ್ಲವೇ? ಆಗಲೂ ಕೊಡಿ. ‘ನೋಡಿದರೇ ಕೊಡ್ತೀನಿ’ ಎಂದು ಸತಾಯಿಸಿದರೆ ನಮ್ಮ ಮುಖವೇ ಬೇಡವಾಗುತ್ತದೆ. ಮೊಟ್ಟೆ, ಬಾಳೆಹಣ್ಣಿನ ವಿಷಯದಲ್ಲಂತೂ ಈ ಆಟ ಹೂಡಲೇಬಾರದು. ಹಾಲು ಬಿಸಿ ಇರುತ್ತದೆ, ಲೋಟವನ್ನು ಮುಖದ ಹತ್ತಿರ ಎತ್ತಿ ಹಿಡಿಯುವುದು ಬೇಡ.

ಆಟದಲ್ಲಿ ಇದು ಇನ್ನೂ ಸಲೀಸು. ಸೋಪಿನ ನೀರಿನ ಗುಳ್ಳೆ ಎರಡು ಸಲ ಊದಿ, ಮೂರನೆಯದಕ್ಕೆ ಕಡ್ಡಿಯನ್ನು ತುಟಿಯ ಹತ್ತಿರ ಹಿಡಿದು ಸುಮ್ಮನಿರಿ. ‘ಯಾಕೆ ಊದಲಿಲ್ಲ’ ಎಂದು ಮಗುವೇ ಮುಖ ನೋಡುತ್ತದೆ. ಹಾಡಿನ ಕೊನೆಯ ಪದಕ್ಕೆ ಮೊದಲು ನಿಲ್ಲಿಸಿದರೂ ಹಾಗೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಕಣ್ಣಲ್ಲೇ ಕರೆಯುವ ಆಟ: ಎಂಟು ಹತ್ತು ಮಕ್ಕಳ ವೃತ್ತ, ಮೇಡಂ ಮಾತಿಲ್ಲದೆ ಒಬ್ಬರನ್ನೇ ನೋಡಬೇಕು, ಆ ಮಗು ಎದ್ದು ಬಂದು ಮೇಡಂ ಜಾಗದಲ್ಲಿ ಕೂತು ಮುಂದಿನವರನ್ನು ಕಣ್ಣಲ್ಲೇ ಕರೆಯಬೇಕು. ಹದಿನೈದು ದಾಟಿದರೆ ಯಾರನ್ನು ನೋಡಿದ್ದೆಂದು ತಿಳಿಯದೆ ಜಗಳ ಶುರುವಾಗುತ್ತದೆ. ನಾಚಿಕೆಯ ಮಗುವನ್ನು ಮೊದಲ ಸರದಿಯಲ್ಲಿ ಕರೆಯಬೇಡಿ.

ಕೆಲಸ ಕೆಡುವುದು ಹೊಗಳಿಕೆಯಲ್ಲಿ. ‘ಭೇಷ್, ನನ್ನ ನೋಡಿಬಿಟ್ಟೆ! ಎಲ್ಲರೂ ಚಪ್ಪಾಳೆ!’ ಎಂದರೆ ಮುಗಿಯಿತು, ಮಗುವಿನ ಮುಖ ಮತ್ತೆ ಮೊಣಕಾಲಿನೊಳಗೆ. ಸ್ಟಿಕ್ಕರ್ ಆಸೆ ತೋರಿಸಿದರೆ ರೆಪ್ಪೆ ಬಡಿಯದೆ ದಿಟ್ಟಿಸುವುದನ್ನು ಕಲಿಯುತ್ತಾರೆ, ಅದು ಕಣ್ಣು ಸೇರಿಸಿದಂತಲ್ಲ. ಇನ್ನೊಂದು ಮಾತು, ಮೇಲಿನವರಿಗೆ ಹಿಡಿಸದಿದ್ದರೂ ಹೇಳಬೇಕು: ಹಾಜರಾತಿ, ಹಾಲು, ಊಟ ಎಲ್ಲದಕ್ಕೂ ಫೋಟೊ ತೆಗೆದು ಏರಿಸುತ್ತಾ ಮೊಬೈಲಿಗೆ ಬಗ್ಗಿದ ನಮ್ಮ ಮುಖ ಮಗುವಿಗೆ ಸಿಗುವುದಾದರೂ ಯಾವಾಗ?

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ಏನೂ ಬದಲಾಗದಿದ್ದರೆ ಬೇರೆ ಕಾರಣ ಹುಡುಕಬೇಕು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಣ್ಣಿಗಿಂತ ತುಟಿಯನ್ನೇ ನೋಡುತ್ತದೆ ಎಂದರೆ ಕಿವಿ ಪರೀಕ್ಷೆ ಆಗಬೇಕು. ತಲೆ ವಾಲಿಸಿ ನೋಡುವುದು, ಒಂದು ಕಣ್ಣು ಮುಚ್ಚುವುದು, ಕಾರ್ಡನ್ನು ಮೂಗಿನ ತುದಿಗೆ ತರುವುದು ಕಂಡರೆ ಕಣ್ಣು ತೋರಿಸಬೇಕು. ಒಂದು ಕಣ್ಣಿನ ದೃಷ್ಟಿ ಮಂಕಾಗುವ ತೊಂದರೆಗೆ ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಕಣ್ಣು, ಕಿವಿ ಎರಡೂ ಸರಿಯಿದ್ದು ಹೆಸರಿಗೆ ಓಗೊಡದೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದೆ, ಒಂದೇ ಆಟವನ್ನು ಒಬ್ಬನೇ ಆಡುತ್ತಿದ್ದರೆ ತಾಲ್ಲೂಕಿನ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ, ಅಂದರೆ ಬಿಐಇಆರ್‌ಟಿಗೆ ತಿಳಿಸಿ. ಆಟಿಸಂ ಇರುವ ಹಲವರಿಗೆ ಕಣ್ಣು ಸೇರಿಸುವುದು ನಿಜಕ್ಕೂ ಸಂಕಟ, ನೋಡದೇ ಇದ್ದಾಗಲೇ ಮಾತು ಚೆನ್ನಾಗಿ ಕಿವಿಗೆ ಬೀಳುತ್ತದೆ. ಮೈ ನಮ್ಮ ಕಡೆ ತಿರುಗಿದ್ದರೆ ಅಷ್ಟನ್ನೇ ಒಪ್ಪಿಕೊಳ್ಳಿ, ಒತ್ತಾಯ ಬೇಡ.

ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ. ಅಲ್ಲಿಯವರೆಗೆ ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲೆಯ ಡಿಇಐಸಿಗೆ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಚೀಟಿ ಬರೆಸಿಕೊಳ್ಳಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ತಾಯಿಯ ಹತ್ತಿರ ಕಾಯಿಲೆಯ ಹೆಸರು ನಮ್ಮ ಬಾಯಿಂದ ಬರುವುದು ಬೇಡ, ಅದು ಡಾಕ್ಟರ ಕೆಲಸ. ಕಂಡದ್ದನ್ನಷ್ಟೇ ಹೇಳಿ: ‘ಹಿಂದಿನಿಂದ ಕರೆದರೆ ತಿರುಗಲ್ಲ ಕಣಮ್ಮ, ಕಿವಿ ಒಂದ್ಸಲ ತೋರಿಸ್ಕೊಂಡು ಬನ್ನಿ.’ ಹೀಗೆ ಹೇಳಿದರೆ ಹೋಗಿಬರುತ್ತಾರೆ. ‘ನಿಮ್ಮ ಮಗುಗೆ ಏನೋ ಇದೆ’ ಎಂದರೆ ಮಾರನೆಯ ದಿನದಿಂದ ಮಗು ಶಾಲೆಗೇ ಬರುವುದಿಲ್ಲ.