ಎತ್ತಿಗೆ ಜ್ವರ, ಎಮ್ಮೆಗೆ ಬರೆ

17 ಆಗಸ್ಟ್ 2025, ಭಾನುವಾರ
ಸಿಂಧನೂರು

ಬೆಳಿಗ್ಗೆ ಪೂರ್ವ ಬಂಗಾಳದ ನಿರಾಶ್ರಿತರ ಪುನರ್ವಸತಿ ಊರಾದ ಆರ್.ಎಚ್. ಕ್ಯಾಂಪಿಗೆ ಹೋಗಿ ಬಂದೆ. ನಿವೃತ್ತನಾದ ಮೇಲೆ ಊರವರ ಅರ್ಜಿ ತುಂಬಿಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಇವತ್ತಿನದು ಪೌರತ್ವದ ಅರ್ಜಿ. ಹಿರಿಯರೊಬ್ಬರು ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು, ಅದರೊಳಗಿನ ಇನ್ನೊಂದು ಚೀಲವನ್ನು ಬಿಡಿಸಿ, ಗಡಿ ದಾಟಿದಾಗ ಕೊಟ್ಟಿದ್ದ ಚೀಟಿಯನ್ನು ನನ್ನ ಮುಂದೆ ಹರವಿದರು. ಮಡಿಕೆಗಳೆಲ್ಲ ಹರಿದು, ಬೆನ್ನಿಗೆ ಹಚ್ಚಿದ್ದ ಟೇಪು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಇಸವಿಯ ಕೊನೆಯ ಅಂಕಿ ಮಡಿಕೆಯ ಮೇಲೆಯೇ ಬಂದಿದ್ದರಿಂದ ಅದು ನಾಲ್ಕೋ ಒಂಬತ್ತೋ ಎಂಬುದು ಕನ್ನಡಕ ಒರೆಸಿಕೊಂಡು ನೋಡಿದರೂ ತಿಳಿಯಲಿಲ್ಲ. 31 ಡಿಸೆಂಬರ್ 2014ರೊಳಗೆ ಬಂದ ಇವರಂಥ ಹಿಂದೂಗಳಿಗೆಲ್ಲ 2019ರ ಪೌರತ್ವ ತಿದ್ದುಪಡಿ ಕಾಯ್ದೆ ಅನ್ವಯಿಸುವುದರಿಂದ ಕಾನೂನಿಗೆ ಆ ಅಂಕಿ ಅಷ್ಟು ಮುಖ್ಯವಲ್ಲ. ಆದರೆ ಹಿರಿಯರು ಬಿಡಲಿಲ್ಲ. ‘ಅರವತ್ನಾಲ್ಕು ಬರ್ಕೊಳ್ರಿ ಸರ್’ ಎಂದು ನಮ್ಮ ಸೀಮೆಯ ಕನ್ನಡದಲ್ಲೇ ಎರಡು ಸಲ ಹೇಳಿದರು.

ಅವರದು ಆಗಿನ ಪೂರ್ವ ಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ ಖುಲ್ನಾ ಜಿಲ್ಲೆ. 1963ರ ಡಿಸೆಂಬರ್ ಕೊನೆಯಲ್ಲಿ ಶ್ರೀನಗರದ ಹಜ್ರತ್‌ಬಲ್ ದರ್ಗಾದಿಂದ ಪ್ರವಾದಿಯವರ ಪವಿತ್ರ ಕೇಶ ಕಾಣೆಯಾಯಿತು. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು ಕೂಡ. ಆದರೆ ಅಷ್ಟರಲ್ಲಿ, ಕಾಶ್ಮೀರವನ್ನು ಕನಸಿನಲ್ಲೂ ಕಾಣದ ಖುಲ್ನಾದ ಹಿಂದೂಗಳ ಮನೆಗಳಿಗೆ ಬೆಂಕಿ ಬಿದ್ದಿತ್ತು. ಅಲ್ಲಿಂದ ಓಡಿಬಂದವರ ಕಥೆ ಕಲ್ಕತ್ತೆಯನ್ನು ಮುಟ್ಟಿದ್ದೇ ತಡ, ಖುಲ್ನಾವನ್ನು ಕಂಡೇ ಇರದ ಮುಸ್ಲಿಮರ ಮೇಲೆ ಅಲ್ಲಿ ದಾಳಿಗಳಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಾವು ನಗುತ್ತಾ ಹೇಳುವ ಮಾತು ಆ ಜನವರಿಯಲ್ಲಿ ಎರಡು ದೇಶಗಳ ನಡವಳಿಕೆಯೇ ಆಗಿತ್ತು. ಇದನ್ನು ಬರಿಯ ಪುಂಡರ ಕೆಲಸವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅಲ್ಪಸಂಖ್ಯಾತರು ಎರಡೂ ಕಡೆ ಉಳಿಯುವುದರಿಂದ ಅವರೇ ಪರಸ್ಪರರ ಸುರಕ್ಷತೆಗೆ ಜಾಮೀನು ಎಂಬ ವಾದ ವಿಭಜನೆಯ ಕಾಲದಲ್ಲಿ ಬಹಿರಂಗವಾಗಿಯೇ ಓಡಾಡುತ್ತಿತ್ತು. ಜಾಮೀನು ಎಂಬುದು ಸೌಮ್ಯವಾದ ಪದ. ಅದರ ನಿಜವಾದ ಅರ್ಥ ಒತ್ತೆಯಾಳು.

ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗಲೇ ಇಂದು ಆಗಸ್ಟ್ 17 ಎಂಬುದು ಹೊಳೆದದ್ದು. ಗಡಿ ಪ್ರಕಟವಾದದ್ದು 15ರಂದಲ್ಲ, 1947ರ ಆಗಸ್ಟ್ 17ರಂದು. ಅದಕ್ಕೆ ಮೊದಲು ಭಾರತವನ್ನೇ ಕಾಣದಿದ್ದ ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಇಂಗ್ಲೆಂಡಿನ ವಕೀಲರು ಜುಲೈ 8ರಂದು ಬಂದಿಳಿದು, ಐದೇ ವಾರಗಳಲ್ಲಿ ಪಂಜಾಬನ್ನೂ ಬಂಗಾಳವನ್ನೂ ಸೀಳುವ ಗೆರೆ ಎಳೆದುಕೊಟ್ಟರು. ಎರಡು ದೇಶಗಳಿಗೆ ಸ್ವಾತಂತ್ರ್ಯ ಬಂದ ಮೇಲೂ ಎರಡು ದಿನ ಗಡಿಯ ಜನಕ್ಕೆ ತಮ್ಮದು ಯಾವ ದೇಶವೆಂಬುದು ತಿಳಿದಿರಲಿಲ್ಲ. ಹಿಂದೂಗಳು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿದ್ದ ಖುಲ್ನಾದಲ್ಲಿ ಆ ದಿನಗಳಲ್ಲಿ ಹಾರಿದ್ದು ಭಾರತದ ಬಾವುಟ. ಮುಸ್ಲಿಮರು ಹೆಚ್ಚಿದ್ದ ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ್ದು. ಕಲ್ಕತ್ತೆಯ ಬಂದರಿಗೆ ಹೂಗ್ಲಿಯ ನೀರು ಬೇಕಿದ್ದುದರಿಂದ ಮುರ್ಷಿದಾಬಾದ್ ಇತ್ತ ಬಂದು, ಖುಲ್ನಾ ಅತ್ತ ಹೋಯಿತು. ಧರ್ಮದ ಹೆಸರಿನಲ್ಲಿ ಎಳೆದ ಗೆರೆಗೆ ಧರ್ಮದ ಲೆಕ್ಕವನ್ನೂ ಪೂರ್ತಿ ಪಾಲಿಸಲಾಗಲಿಲ್ಲ. ಬಾವುಟ ಇಳಿಸಿದ ದಿನದ ಸಂಗತಿಯನ್ನು ಹಿರಿಯರ ತಂದೆ ಸಾಯುವವರೆಗೂ ಹೇಳುತ್ತಿದ್ದರಂತೆ.

ಪಂಜಾಬಿನಲ್ಲಿ ಜನರ ಅದಲುಬದಲು ಕೆಲವೇ ತಿಂಗಳುಗಳಲ್ಲಿ, ರಕ್ತದ ಕೋಡಿಯಲ್ಲಿ, ಹೆಚ್ಚುಕಡಿಮೆ ಮುಗಿದೇಹೋಯಿತು. ಬಂಗಾಳದ್ದು ಹಾಗಲ್ಲ, ಅದು ಹನಿಹನಿಯಾಗಿ ಸೋರುತ್ತಲೇ ಇತ್ತು. 1950ರಲ್ಲಿ ಒಂದು ಅಲೆ, 1952ರಲ್ಲಿ ಗಡಿ ದಾಟಲು ಪಾಸ್‌ಪೋರ್ಟ್ ಬೇಕೆಂಬ ನಿಯಮ ಬಂದಾಗ ಒಂದು, 1964ರಲ್ಲಿ ಒಂದು, 1971ರಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊದಲೇ ಬಂದವರು ಕಲ್ಕತ್ತೆಯ ಸುತ್ತ ನೆಲೆ ಕಂಡುಕೊಂಡರು. ತಡವಾಗಿ ಬಂದವರಲ್ಲಿ ಬಹುಪಾಲು ಬಡ ರೈತರು, ಅವರಲ್ಲಿಯೂ ಬಂಗಾಳದ ದಲಿತ ಸಮುದಾಯವಾದ ನಾಮಶೂದ್ರರೇ ಅಧಿಕ. ಅವರನ್ನು ಬಂಗಾಳದಲ್ಲಿ ಜಾಗವಿಲ್ಲವೆಂದು ಮಧ್ಯ ಭಾರತದ ದಂಡಕಾರಣ್ಯಕ್ಕೂ, ಅಂಡಮಾನಿಗೂ, ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಎರೆ ನೆಲಕ್ಕೂ ಕಳಿಸಲಾಯಿತು. ಆಂಧ್ರದಿಂದ ಬಂದ ರೈತರ ಊರುಗಳನ್ನೂ ನಾವಿಲ್ಲಿ ಕ್ಯಾಂಪ್ ಎಂದೇ ಕರೆಯುವುದರಿಂದ ಆ ಪದ ಯಾರ ಕಿವಿಗೂ ಚುಚ್ಚುವುದಿಲ್ಲ. ಆದರೆ ಆಂಧ್ರದವರು ಹೊಲ ಕೊಂಡು ಬಂದವರು.

ನಾಮಶೂದ್ರರ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವವರು ಜೋಗೇಂದ್ರನಾಥ ಮಂಡಲ್. ಮೇಲ್ಜಾತಿಯ ಹಿಂದೂಗಳಿಗಿಂತ ಮುಸ್ಲಿಂ ರೈತರೇ ತನ್ನ ಜನಕ್ಕೆ ಹತ್ತಿರದವರೆಂದು ನಂಬಿದ್ದ ಅವರು ಪಾಕಿಸ್ತಾನದ ಮೊದಲ ಕಾನೂನು ಸಚಿವರಾದರು. ಮೂರೇ ವರ್ಷಗಳಲ್ಲಿ, 1950ರ ಅಕ್ಟೋಬರಿನಲ್ಲಿ, ಹುದ್ದೆಗೆ ರಾಜೀನಾಮೆಯಿತ್ತು ಕಲ್ಕತ್ತೆಗೆ ಮರಳಬೇಕಾಯಿತು. ಅವರ ಲೆಕ್ಕ ತಪ್ಪೆಂದು ಹೇಳುವುದು ಸುಲಭ. ಆದರೆ ಒಬ್ಬ ಮನುಷ್ಯನಿಗೆ ಜಾತಿ, ಕಸುಬು, ಭಾಷೆ ಎಂಬ ಹತ್ತು ಗುರುತುಗಳಿರುವಾಗ, ಧರ್ಮವೊಂದನ್ನೇ ಎಣಿಸುವ ಲೆಕ್ಕದಲ್ಲಿ ಅವರಂಥವರಿಗೆ ಜಾಗ ಎಲ್ಲಿತ್ತು? ಇನ್ನೊಂದು ವಿಚಿತ್ರವೆಂದರೆ, ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾಗಿರುವ ನಾಮಶೂದ್ರರ ಹೆಸರು ಕರ್ನಾಟಕದ ಪಟ್ಟಿಯಲ್ಲಿಲ್ಲ. ಹಿಂದೂ ಎಂಬ ಕಾರಣಕ್ಕೆ ಓಡಿಸಲ್ಪಟ್ಟವನ ಮೊಮ್ಮಗಳು ಇಲ್ಲಿ ಕಾಲೇಜಿಗೆ ಸೇರುವಾಗ ತನ್ನ ಜಾತಿಯನ್ನೂ ರುಜುಪಡಿಸಲಾರಳು.

ಬಿಟ್ಟುಬಂದ ನೆಲದ ಕಥೆ ಬೇರೆಯೇ. 1965ರ ಯುದ್ಧದ ಹೊತ್ತಿಗೆ ಪಾಕಿಸ್ತಾನ ಅದನ್ನು ‘ಶತ್ರು ಆಸ್ತಿ’ ಎಂದು ಕರೆಯಿತು. ಇಲ್ಲಿಂದ ಪಾಕಿಸ್ತಾನಕ್ಕೆ ಹೋದವರ ಆಸ್ತಿಗೆ ನಾವೂ ಅದೇ ಹೆಸರಿಟ್ಟು 1968ರಲ್ಲಿ ಕಾಯ್ದೆ ಮಾಡಿದೆವು, 2017ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿ ಭಾರತದ ಪ್ರಜೆಗಳೇ ಆಗಿರುವ ವಾರಸುದಾರರಿಗೂ ಹಕ್ಕಿಲ್ಲವೆಂದೆವು. ಅತ್ತ, ಮುಸ್ಲಿಮರ ದೇಶವೆಂದು ನಂಬಿ ಬಿಹಾರದಿಂದ ಢಾಕಾಕ್ಕೆ ಹೋದ ಉರ್ದು ಮಾತಿನವರು, ಬಂಗಾಳಿ ಭಾಷೆಯ ಹೆಸರಿನಲ್ಲಿ 1971ರಲ್ಲಿ ಆ ದೇಶವೇ ಒಡೆದಾಗ ಯಾರಿಗೂ ಬೇಡವಾದರು. ಅವರಿಗೆ ಬಾಂಗ್ಲಾದೇಶದ ಪೌರತ್ವ ಉಂಟೆಂದು ಅಲ್ಲಿನ ಹೈಕೋರ್ಟ್ ಹೇಳಿದ್ದು 2008ರಲ್ಲಿ. ಢಾಕಾದ ಮೊಹಮ್ಮದ್‌ಪುರದಲ್ಲಿ ಅವರಿರುವ ಜಾಗದ ಹೆಸರು ಜಿನೀವಾ ಕ್ಯಾಂಪ್. ಅಲ್ಲಿಯೂ ಯಾವನೋ ಮುದುಕ ಟ್ರಂಕಿನಲ್ಲಿ ಒಂದು ಚೀಟಿ ಇಟ್ಟುಕೊಂಡಿರಬೇಕು.

ಈ ಹೊಸ ಕಾಯ್ದೆ ಆರು ಧರ್ಮಗಳ ಹೆಸರು ಹೇಳಿ ಒಂದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ನಿನ್ನ ಧರ್ಮ ಯಾವುದು ಎಂಬ ಆ ಹಳೆಯ ಪ್ರಶ್ನೆಯನ್ನೇ ಅದು ಮತ್ತೆ ಕೇಳುತ್ತದೆ. ಹಾಗೆಂದು, ಅರವತ್ತು ವರ್ಷ ಕಾದವರ ಅರ್ಜಿಯನ್ನು ತುಂಬುವುದಿಲ್ಲವೆನ್ನಲು ನಾನ್ಯಾರು? ಹೆಸರು, ತಂದೆಯ ಹೆಸರು, ಧರ್ಮ ಎಲ್ಲವನ್ನೂ ಬರೆದೆ. ಹುಟ್ಟಿದ ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವರು ಹುಟ್ಟಿದ 1944ರಲ್ಲಿ ಅದು ಭಾರತ, ಬಿಟ್ಟುಬಂದಾಗ ಪಾಕಿಸ್ತಾನ, ಈಗ ಬಾಂಗ್ಲಾದೇಶ. ಏನು ಬರೆಯಲಿ ಎಂದು ಕೇಳಿದೆ. ‘ಖುಲ್ನಾ ಅಂತ ಬರೀರಿ’ ಎಂದರು. ಪೆನ್ಸಿಲಿನಲ್ಲಿ ಬರೆದಿಟ್ಟು ಬಂದಿದ್ದೇನೆ. ನಾಳೆ ಕಚೇರಿಯಲ್ಲಿ ಕೇಳಬೇಕು.