ಹಾಲು ಬಿಡಿಸಿದರೆ ಮಗು ಮಲಗುತ್ತದೆಯೇ?

ವರ್ಷ ತುಂಬಿದ ಮಗು ಇನ್ನೂ ರಾತ್ರಿಯಲ್ಲಿ ಏಳುತ್ತದೆ ಎಂದು ಯಾರಾದರೂ ಹೇಳಿಕೊಂಡರೆ, ಕೇಳಿದವರ ಬಾಯಿಂದ ಮೊದಲು ಹೊರಡುವ ಮಾತು ಬಹುತೇಕ ಒಂದೇ: "ಇನ್ನೂ ಹಾಲು ಕೊಡುತ್ತಿದ್ದೀಯಾ? ಬಿಡಿಸಿಬಿಡು, ತಾನಾಗಿಯೇ ಮಲಗುತ್ತದೆ." ನನ್ನ ಎರಡನೆಯ ಮಗಳ ವಿಷಯದಲ್ಲಿ ಈ ಸಲಹೆಯನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಈಗ ಅವಳು ಹಾಲು ಬಿಟ್ಟಾಗಿದೆ. ಹೆಚ್ಚುಕಡಿಮೆ ಅದೇ ವಯಸ್ಸಿನ ಮಕ್ಕಳಿರುವ ನನ್ನ ಗೆಳತಿಯರೂ ಒಬ್ಬೊಬ್ಬರಾಗಿ ಆ ಹಂತವನ್ನು ದಾಟಿದ್ದಾರೆ. ನಮ್ಮ ನಮ್ಮ ಅನುಭವಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಖಚಿತವಾದದ್ದು ಇಷ್ಟೇ: ಹಾಲು ಬಿಡಿಸುವುದು ಒಂದು ಕೆಲಸ, ಮಗು ತಾನಾಗಿ ನಿದ್ದೆಗೆ ಜಾರಲು ಕಲಿಯುವುದು ಬೇರೆಯದೇ ಕೆಲಸ. ಎರಡೂ ಒಂದೇ ಹಾಸಿಗೆಯ ಮೇಲೆ, ಒಂದೇ ಹೊತ್ತಿನಲ್ಲಿ ನಡೆಯುವುದರಿಂದ ಮಾತ್ರ ಅವು ಒಂದೇ ಎಂಬಂತೆ ತೋರುತ್ತವೆ.

ಗೆಳತಿಯೊಬ್ಬಳು ಕೆಲಸಕ್ಕೆ ಮರಳಬೇಕಾಗಿದ್ದರಿಂದ ಹನ್ನೊಂದನೆಯ ತಿಂಗಳಲ್ಲಿ ಹಾಲು ಬಿಡಿಸಿದಳು. ಆದರೆ ಅವಳ ಮಗ ಅದಕ್ಕೂ ಮೊದಲೇ, ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ, ರಾತ್ರಿಯಿಡೀ ಮಲಗತೊಡಗಿದ್ದ. ಇನ್ನೊಬ್ಬಳು ಒಂದೂವರೆ ವರ್ಷದವರೆಗೆ ಕಾದು, ಮಗಳು ಒಳ್ಳೆಯ ನಿದ್ದೆ ಮಾಡಲಿ ಎಂಬ ಒಂದೇ ಆಸೆಯಿಂದ ಬಿಡಿಸಿದಳು. ಮಗಳು ಹಾಲನ್ನೇನೋ ಬಿಟ್ಟಳು, ಏಳುವುದನ್ನು ಬಿಡಲಿಲ್ಲ. ಹಾಲಿನ ಜಾಗದಲ್ಲಿ ಮೊದಲು ನೀರು ಬಂತು, ಆಮೇಲೆ ಬೆನ್ನು ತುರಿಸಬೇಕು ಎಂಬ ಹಠ ಬಂತು, ಕೊನೆಗೆ ಹಾಡು ಹೇಳಬೇಕು ಎಂಬಲ್ಲಿಗೆ ಬಂದು ನಿಂತಿತು. ಮೊದಲಾದರೆ ಮಲಗಿದಲ್ಲಿಯೇ ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎದ್ದು ಕೂರಬೇಕಾಯಿತು ಎಂದು ಅವಳು ನಗುತ್ತಲೇ ಹೇಳಿದ್ದಳು. ನನ್ನ ಮಗಳ ಕಥೆ ಇವೆರಡರ ನಡುವಿನದು: ಅವಳ ನಿದ್ದೆ ಸುಧಾರಿಸಿದ್ದು ಕೊನೆಯ ಹಾಲು ನಿಂತ ಮೇಲಲ್ಲ, ಅದಕ್ಕೆ ಸಾಕಷ್ಟು ಮೊದಲು, ಹಾಲು ಕುಡಿಯುವ ಹೊತ್ತನ್ನೂ ಮಲಗುವ ಹೊತ್ತನ್ನೂ ನಾವು ಬೇರ್ಪಡಿಸಿದಾಗ.

ಇದು ನಮ್ಮ ಮನೆಗಳ ಆಕಸ್ಮಿಕವಿರಬಹುದು ಎಂದುಕೊಂಡು ಸ್ವಲ್ಪ ಓದಿ ನೋಡಿದೆ. ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದ ಸಂಶೋಧಕರು 6ರಿಂದ 12 ತಿಂಗಳ ಮಕ್ಕಳಿರುವ 715 ತಾಯಂದಿರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡ 78ಕ್ಕಿಂತ ಹೆಚ್ಚು ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಿದ್ದವು; ಎದೆಹಾಲು ಕುಡಿಯುವ ಮಕ್ಕಳಿಗೂ ಪುಡಿಹಾಲು ಕುಡಿಯುವ ಮಕ್ಕಳಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಅದರ ಇನ್ನೊಂದು ಅಂಶ: ಹಗಲಿನಲ್ಲಿ ಹೆಚ್ಚು ಹಾಲು ಅಥವಾ ಊಟ ಪಡೆದ ಮಕ್ಕಳು ರಾತ್ರಿ ಹಾಲು ಕುಡಿಯುವುದು ಕಡಿಮೆಯಾಗಿತ್ತು, ಆದರೆ ಏಳುವುದು ಕಡಿಮೆಯಾಗಿರಲಿಲ್ಲ. ಅಂದರೆ ಹೊಟ್ಟೆ ತುಂಬಿದ ಮಗು ಎದ್ದಾಗ ಹಾಲಿಲ್ಲದೆ ಸಮಾಧಾನವಾಗಬಹುದೇ ಹೊರತು ಏಳದೆಯೇ ಇರುತ್ತದೆ ಎಂದಲ್ಲ.

ರಾತ್ರಿ ಗಟ್ಟಿಯಾಗಿ ತಿನ್ನಿಸಿದರೆ ಬೆಳಗಿನವರೆಗೆ ಮಲಗುತ್ತದೆ ಎಂಬ ನಂಬಿಕೆಗೂ ಸ್ವಲ್ಪ ಆಧಾರವಿದೆ, ಆದರೆ ಸ್ವಲ್ಪವೇ. ಬ್ರಿಟನ್ನಿನಲ್ಲಿಯೇ 1303 ಮಕ್ಕಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ಮೂರನೆಯ ತಿಂಗಳಿನಿಂದ ಘನ ಆಹಾರ ಆರಂಭಿಸಿದ ಗುಂಪನ್ನು, ಆರು ತಿಂಗಳಾಗುವವರೆಗೆ ಎದೆಹಾಲು ಮಾತ್ರ ಕೊಡುವಂತೆ ಹೇಳಿದ್ದ ಗುಂಪಿನೊಂದಿಗೆ ಹೋಲಿಸಲಾಯಿತು. 2018ರಲ್ಲಿ ಹೊರಬಂದ ಅದರ ಫಲಿತಾಂಶದ ಪ್ರಕಾರ, ವ್ಯತ್ಯಾಸ ಅತ್ಯಂತ ಹೆಚ್ಚಿದ್ದ ಆರನೆಯ ತಿಂಗಳಲ್ಲಿಯೂ ಮೊದಲ ಗುಂಪಿನ ಮಕ್ಕಳು ರಾತ್ರಿಗೆ ಸುಮಾರು 17 ನಿಮಿಷ ಮಾತ್ರ ಹೆಚ್ಚು ಮಲಗಿದ್ದವು. ನಿದ್ದೆಗೆಟ್ಟ ತಾಯಿಗೆ 17 ನಿಮಿಷವೂ ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಂಟರಿಷ್ಟರು ಭರವಸೆ ಕೊಡುವ "ರಾತ್ರಿಯಿಡೀ" ಎಂಬುದು ಅದಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಹಾಗೆಯೇ ಇದೆ.

ಇನ್ನು "ರಾತ್ರಿಯಿಡೀ" ಎಂಬ ಅಳತೆಯ ಬಗ್ಗೆಯೇ ಒಂದು ಮಾತು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವರ್ಷ ತುಂಬಿದ ಮಕ್ಕಳಲ್ಲಿ ಶೇಕಡ 28ರಷ್ಟು ಒಂದೇ ಸಮನೆ ಆರು ಗಂಟೆಯೂ ಮಲಗುತ್ತಿರಲಿಲ್ಲ. ಎಂಟು ಗಂಟೆಯ ಲೆಕ್ಕ ಹಿಡಿದರೆ ಹಾಗೆ ಮಲಗದ ಮಕ್ಕಳು ಶೇಕಡ 43. ಹೀಗೆ ಮಲಗದ ಮಕ್ಕಳ ಬೆಳವಣಿಗೆಯಲ್ಲಿ ಅಧ್ಯಯನ ಯಾವ ಕುಂದನ್ನೂ ಗುರುತಿಸಲಿಲ್ಲ. ಆದ್ದರಿಂದ ಪಕ್ಕದ ಮನೆಯ ಮಗು ರಾತ್ರಿ ಎಂಟಕ್ಕೆ ಮಲಗಿ ಬೆಳಿಗ್ಗೆ ಆರಕ್ಕೇ ಏಳುವುದು ಎಂದು ಯಾರಾದರೂ ಹೇಳಿದರೆ, ಅದು ನಿಜವೇ ಇರಬಹುದು ಎಂದುಕೊಂಡು ಸುಮ್ಮನಾಗುವುದು ಒಳ್ಳೆಯದು.

ಮಗು ಏಕೆ ಏಳುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು. ನಿದ್ದೆ ಒಂದೇ ಎಳೆಯಲ್ಲಿ ಸಾಗುವುದಿಲ್ಲ, ಸುತ್ತು ಸುತ್ತಾಗಿ ಸಾಗುತ್ತದೆ. ದೊಡ್ಡವರಲ್ಲಿ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದಾದರೆ ಚಿಕ್ಕ ಮಕ್ಕಳಲ್ಲಿ ಅದು ಒಂದು ಗಂಟೆಯ ಒಳಗೇ ಮುಗಿಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಆರಂಭವಾಗುವ ಸಂದಿಯಲ್ಲಿ ಎಲ್ಲರೂ ಅರೆಗಳಿಗೆ ಎಚ್ಚರಗೊಳ್ಳುತ್ತೇವೆ. ನಾವು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಇಳಿಯುತ್ತೇವೆ, ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ಎದೆಗೆ ಬಾಯಿಟ್ಟುಕೊಂಡೇ ನಿದ್ದೆ ಹೋದ ಮಗುವಿಗಾದರೋ ಆ ಸಂದಿಯಲ್ಲಿ ಕಣ್ಣು ಅರೆತೆರೆದಾಗ ಮಲಗುವಾಗ ಇದ್ದದ್ದು ಈಗ ಇಲ್ಲ. ನನ್ನ ಮಗಳು ಆಗ ಕಣ್ಣು ಬಿಡುವುದಕ್ಕೂ ಮೊದಲು ಕೈಯಿಂದ ನನ್ನ ಕುತ್ತಿಗೆಯ ಅಂಚಿನ ಬಟ್ಟೆಯನ್ನು ಹುಡುಕುತ್ತಿದ್ದಳು. ಸಿಕ್ಕರೆ ಎಳೆಯುತ್ತಿದ್ದಳು, ಸಿಗದಿದ್ದರೆ ರಚ್ಚೆ ಹಿಡಿಯುತ್ತಿದ್ದಳು. ಅದು ಹಸಿವೂ ಅಲ್ಲ, ಹಠವೂ ಅಲ್ಲ. ನಿದ್ದೆಗೆ ಮರಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ ಆಗಿತ್ತು.

ಎಂಟು ಒಂಬತ್ತು ತಿಂಗಳಿನ ಆಸುಪಾಸಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲಿಯೋ ಇದ್ದಾಳೆ ಎಂಬುದು ಮಗುವಿಗೆ ಆಗ ತಿಳಿಯತೊಡಗುತ್ತದೆ, ಆದ್ದರಿಂದಲೇ ಅವಳು ಇಲ್ಲಿಲ್ಲ ಎಂಬುದೂ ಚುಚ್ಚತೊಡಗುತ್ತದೆ. ಅಂಬೆಗಾಲು, ಹಿಡಿದು ನಿಲ್ಲುವುದು, ಹಲ್ಲು, ಎಲ್ಲವೂ ಬಹುತೇಕ ಅದೇ ಕಾಲದಲ್ಲಿ. ಮೊದಲು ಚೆನ್ನಾಗಿ ಮಲಗುತ್ತಿದ್ದ ಮಗು ಹಠಾತ್ತನೆ ಕೆಟ್ಟಿತು ಎಂದು ತಾಯಂದಿರು ದೂರುವುದು ಈ ತಿಂಗಳುಗಳಲ್ಲಿಯೇ ಹೆಚ್ಚು, ಹಾಲು ಬಿಡಿಸಲು ಆತುರಪಡುವುದೂ ಆಗಲೇ. ಅಮ್ಮನನ್ನು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿರುವ ಹೊತ್ತಿನಲ್ಲಿ ಬಿಡಿಸುವುದಕ್ಕಿಂತ ಕೆಲವು ವಾರ ಬಿಟ್ಟು ಆರಂಭಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕೆಲಸ, ಔಷಧಿ, ಇನ್ನೊಂದು ಬಸಿರು ಹೀಗೆ ಕಾಯಲಾಗದ ಕಾರಣಗಳಿದ್ದರೆ ಮಾತು ಬೇರೆ.

ನಮ್ಮ ಮನೆಯಲ್ಲಿ ನಾವು ಮೊದಲು ಮಾಡಿದ್ದು ಹಾಲು ಕುಡಿಸುವ ಜಾಗವನ್ನು ಬದಲಿಸಿದ್ದು. ಮಲಗುವ ಮುಂಚಿನ ಹಾಲನ್ನು ಹಾಸಿಗೆಯಲ್ಲಿ ಕೊಡುವ ಬದಲು ಹೊರಗಿನ ಕೋಣೆಯಲ್ಲಿ, ದೀಪ ಹಚ್ಚಿಕೊಂಡು, ಕುರ್ಚಿಯಲ್ಲಿ ಕುಳಿತು ಕೊಡತೊಡಗಿದೆ. ಅದಾದ ಮೇಲೆ ಹಲ್ಲು ಉಜ್ಜುವುದು, ಬಟ್ಟೆ ಬದಲಿಸುವುದು, ಚಿತ್ರದ ಪುಸ್ತಕ, ಆಮೇಲೆ ಹಾಸಿಗೆ. ಮೊದಮೊದಲು ಅವಳು ಕುರ್ಚಿಯಲ್ಲಿಯೇ ತೂಕಡಿಸುತ್ತಿದ್ದಳು. ಕುಡಿಯುವ ಸದ್ದು ನಿಂತು ಬರೀ ತುಟಿ ಅದುರುವ ಹಂತಕ್ಕೆ ಬಂದಾಗ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಮೆಲ್ಲನೆ ಒಳಗೆ ತೂರಿಸಿ ಹಿಡಿತ ಬಿಡಿಸಿ, ಗಲ್ಲದ ಕೆಳಗೆ ಒಂದು ಬೆರಳನ್ನು ಒತ್ತಿ ಹಿಡಿದರೆ, ಗಾಳಿಯನ್ನೇ ನಾಲ್ಕು ಸಲ ಚೀಪಿ ಸುಮ್ಮನಾಗುತ್ತಿದ್ದಳು. ಇನ್ನೂ ಹುಡುಕಿದರೆ ಮತ್ತೆ ಕೊಡುತ್ತಿದ್ದೆ, ಮತ್ತೆ ಬಿಡಿಸುತ್ತಿದ್ದೆ. ಪೂರ್ತಿ ನಿದ್ದೆ ಹೋಗುವ ಮುನ್ನ, ಮಂಪರಿನಲ್ಲಿರುವಾಗಲೇ ಬಾಯಿ ಬಿಡಿಸುವುದು ಮುಖ್ಯ. ಆಳವಾದ ನಿದ್ದೆಯಲ್ಲಿ ಬಿಡಿಸಿದರೆ ನಮ್ಮ ಕೈಗೆ ಬಿಡುವು ಸಿಗುತ್ತದೆ, ಮಗುವಿಗೆ ಹೊಸದೇನೂ ಅಭ್ಯಾಸವಾಗುವುದಿಲ್ಲ. ಸೋಫಾದಲ್ಲಿ ಒರಗಿ ಹಾಲು ಕೊಡುತ್ತ ತಾಯಿಯೇ ನಿದ್ದೆ ಹೋಗುವುದು, ಅದರಲ್ಲಿಯೂ ವರ್ಷದೊಳಗಿನ ಮಗುವಿನೊಂದಿಗೆ, ನಿಜಕ್ಕೂ ಅಪಾಯದ ವಿಷಯ. ಆದ್ದರಿಂದಲೇ ನಾನು ನೇರ ಬೆನ್ನಿನ ಕುರ್ಚಿಯನ್ನು ಆರಿಸಿಕೊಂಡೆ.

ಹಗಲಿನ ಹಾಲುಗಳನ್ನು ಒಂದೊಂದಾಗಿ ಬಿಡಿಸುವುದು ಅಷ್ಟು ಕಷ್ಟವಾಗಲಿಲ್ಲ: ಆಟ, ಊಟ, ಲೋಟದಲ್ಲಿ ನೀರು, ಹೊರಗಿನ ಸುತ್ತಾಟ ಅವುಗಳ ಜಾಗವನ್ನು ತುಂಬಿದವು. ಮಧ್ಯರಾತ್ರಿಯ ಹಾಲು ಮಾತ್ರ ನನ್ನಿಂದ ಬಿಡಿಸಲಾಗಲಿಲ್ಲ, ನನ್ನ ಗಂಡನಿಂದ ಆಯಿತು. ಅಪ್ಪ ಎತ್ತಿಕೊಂಡರೆ ಮಗು ಮೊದಲೆರಡು ರಾತ್ರಿ ಇನ್ನೂ ಜೋರಾಗಿ ಅಳುತ್ತದೆ ಎಂಬುದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಅದಕ್ಕೇ ಅರ್ಧದಷ್ಟು ಅಪ್ಪಂದಿರು ಮೂರನೆಯ ರಾತ್ರಿ ಮಗುವನ್ನು ಅಮ್ಮನ ಮಡಿಲಿಗೆ ಮರಳಿಸಿ ಕೈಚೆಲ್ಲುತ್ತಾರೆ. ಗಂಡ ಅವಳನ್ನು ಒಂಟಿಯಾಗಿ ಅಳಲು ಬಿಡಲಿಲ್ಲ; ಎದೆಗೊರಗಿಸಿಕೊಂಡು ಬೆನ್ನು ತಟ್ಟುತ್ತ, ಒಂದೇ ಹಾಡನ್ನು ರಾಗ ತಪ್ಪಿಸಿ ಹಾಡುತ್ತ ಓಡಾಡಿದರು. ಅವರ ಬಳಿ ಹಾಲಿಲ್ಲ ಎಂಬುದು ಅವಳಿಗೆ ಗೊತ್ತಿದ್ದದ್ದೇ ಅನುಕೂಲವಾಯಿತು. ಒಂಟಿ ತಾಯಿಯೊಬ್ಬಳು ಇದನ್ನೇ ಮಾಡಬೇಕಾದಾಗ ಕುತ್ತಿಗೆಯವರೆಗೆ ಮುಚ್ಚಿದ ಅಂಗಿ ತೊಟ್ಟು, ನಡುವೆ ಒಂದು ದಿಂಬಿಟ್ಟು ಪಕ್ಕದಲ್ಲಿ ಮಲಗಿ ತಟ್ಟಿದಳು. ಅವಳ ಮಗುವಿಗೆ ವರ್ಷ ಚೆನ್ನಾಗಿಯೇ ದಾಟಿತ್ತು, ಹಾಗಾಗಿ ದಿಂಬು ಸರಿ, ಎಳೆಗೂಸಿನ ಬಳಿ ಅದು ಬೇಡ. ನಿಗದಿತ ಅಂತರದಲ್ಲಿ ಹೋಗಿ ಸಮಾಧಾನ ಮಾಡಿ ಬರುವ ಕ್ರಮವನ್ನು ಅನುಸರಿಸಿದವರೂ ನಮ್ಮಲ್ಲಿದ್ದಾರೆ. ಆಸ್ಟ್ರೇಲಿಯಾದಲ್ಲಿ ಅಂಥ ಕ್ರಮಗಳನ್ನು ಕಲಿತ ಕುಟುಂಬಗಳ ಮಕ್ಕಳನ್ನು ಆರು ವರ್ಷವಾದಾಗ ಮತ್ತೆ ಪರೀಕ್ಷಿಸಿ 2012ರಲ್ಲಿ ವರದಿ ಮಾಡಿದರು. ಉಳಿದ ಮಕ್ಕಳಿಗೆ ಹೋಲಿಸಿದರೆ ಶಾಶ್ವತ ಹಾನಿಯೂ ಇರಲಿಲ್ಲ, ಶಾಶ್ವತ ಲಾಭವೂ ಇರಲಿಲ್ಲ. ನನಗೆ ಆ ಅಳು ಸಹಿಸಲಾಗದು, ನಾನು ಮಾಡಲಿಲ್ಲ. ಮಾಡಿದವರನ್ನು ಕಲ್ಲೆದೆಯವರು ಎನ್ನುವವಳೂ ನಾನಲ್ಲ.

ಹಗಲುನಿದ್ದೆಯ ಲೆಕ್ಕವನ್ನು ಮರೆತರೆ ಇದಾವುದೂ ಫಲಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ 4ರಿಂದ 11 ತಿಂಗಳ ಮಕ್ಕಳಿಗೆ ದಿನಕ್ಕೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷದವರಿಗೆ 11ರಿಂದ 14 ಗಂಟೆ ನಿದ್ದೆ ಎಂದು ಹೇಳುತ್ತದೆ. ಇದರಲ್ಲಿ ಹಗಲಿನದೂ ಸೇರಿದೆ. ಹಗಲಿನಲ್ಲಿ ನಾಲ್ಕು ಗಂಟೆ ಮಲಗಿದ ಒಂದು ವರ್ಷದ ಮಗು ರಾತ್ರಿ ಹನ್ನೆರಡು ಗಂಟೆ ಮಲಗಲಿ ಎಂದು ಬಯಸುವುದು ಆಸೆಬುರುಕತನ.

ತಾಯಿಯ ದೇಹದ ಬಗ್ಗೆ ಮಾತಾಡುವವರು ಕಡಿಮೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎದೆ ಖಾಲಿಯಾದಷ್ಟೂ ಹಾಲು ತಯಾರಾಗುತ್ತದೆ, ತುಂಬಿಕೊಂಡಿದ್ದರೆ ತಯಾರಿ ನಿಧಾನವಾಗುತ್ತದೆ. ಹಾಗಾಗಿ ಒಂದು ಹೊತ್ತಿನ ಹಾಲು ಬಿಡಿಸಿ, ದೇಹ ಅದಕ್ಕೆ ಹೊಂದಿಕೊಳ್ಳುವವರೆಗೆ ಕೆಲವು ದಿನ ಕಾದು, ಆಮೇಲೆ ಇನ್ನೊಂದನ್ನು ಬಿಡಿಸಬೇಕು. ಒಮ್ಮೆಲೇ ನಿಲ್ಲಿಸಿದ ನನ್ನ ಗೆಳತಿಗೆ ಹಾಲು ಕಟ್ಟಿಕೊಂಡು, ಎದೆ ಕಲ್ಲಾಗಿ, ಕೆಂಪಾಗಿ ಜ್ವರ ಬಂದು, ವೈದ್ಯರ ಬಳಿ ಓಡಬೇಕಾಯಿತು. ಬಿಗಿತ ತಾಳಲಾರದಾದರೆ ನೋವು ತಗ್ಗುವಷ್ಟು ಮಾತ್ರ ಹಿಂಡಿ ತೆಗೆಯಬೇಕು. ಪೂರ್ತಿ ಖಾಲಿ ಮಾಡಿದರೆ ದೇಹ ಮತ್ತೆ ಅಷ್ಟೇ ಹಾಲು ತುಂಬಲು ಹೊರಡುತ್ತದೆ. ಹಾಲು ನಿಂತ ಮೇಲೆ ಹಾರ್ಮೋನುಗಳು ಇಳಿಯುವುದರಿಂದ ಕಾರಣವಿಲ್ಲದ ಅಳು, ಕಿರಿಕಿರಿ, ಮಂಕು ಕೆಲವರನ್ನು ಕಾಡುತ್ತವೆ. ಬಿಡಿಸಬೇಕೆಂದು ತಾನೇ ಬಯಸಿದ ತಾಯಿಗೂ ಇದು ಬರಬಹುದು. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ ವೈದ್ಯರಿಗೆ ಹೇಳಲೇಬೇಕು.

ಬಾಟಲಿಯಲ್ಲಿ ಕುಡಿಯುವ ಮಕ್ಕಳ ತಂದೆತಾಯಂದಿರಿಗೂ ಕಥೆ ಹೆಚ್ಚು ಬೇರೆಯಲ್ಲ, ಅಲ್ಲಿ ಹಲ್ಲಿನ ಚಿಂತೆ ಜೊತೆಗೂಡುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದರೆ ಹಾಲು ಹಲ್ಲುಗಳ ಸುತ್ತ ನಿಂತು ಹುಳುಕಿಗೆ ದಾರಿಯಾಗುತ್ತದೆ. ಒಂದರಿಂದ ಒಂದೂವರೆ ವರ್ಷದೊಳಗೆ ಲೋಟಕ್ಕೆ ಬದಲಾಯಿಸುವುದು ಒಳ್ಳೆಯದು. ಎದೆಹಾಲು ಬಿಟ್ಟ ಮಗುವಿಗೆ ವರ್ಷದ ನಂತರ ಹಸುವಿನ ಹಾಲನ್ನು ದಿನಕ್ಕೆ ಅರ್ಧ ಲೀಟರಿನ ಆಸುಪಾಸಿನಲ್ಲಿ ಕೊಟ್ಟರೆ ಸಾಕು. ಅದನ್ನೇ ಹೊಟ್ಟೆ ತುಂಬ ಕುಡಿಸಿದರೆ ಊಟ ಹಿಂದೆ ಬೀಳುತ್ತದೆ, ಕಬ್ಬಿಣದ ಅಂಶ ಕಡಿಮೆಯಾಗುತ್ತದೆ. ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲಿ ನಿದ್ದೆಯೂ ಚಡಪಡಿಕೆಯದಾಗುವುದುಂಟು.

ಜ್ವರ, ನೆಗಡಿ, ಊರು ಬದಲಾವಣೆ ಬಂದಾಗ ಕಲಿತದ್ದೆಲ್ಲ ಕೆಲವು ರಾತ್ರಿ ಕೆಡುತ್ತದೆ. ಮಗು ಚೇತರಿಸಿಕೊಂಡ ಮೇಲೆ ಹಳೆಯ ಕ್ರಮಕ್ಕೆ ಮರಳಿದರೆ ಎರಡನೆಯ ಸಲ ಬೇಗ ಹೊಂದಿಕೊಳ್ಳುತ್ತದೆ. ಆದರೆ ನೆಗಡಿ ಇಲ್ಲದಿದ್ದಾಗಲೂ ಮಗು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕ್ಷಣಕಾಲ ಕಟ್ಟಿ ಬಿಡುತ್ತಿದ್ದರೆ, ತೂಕ ಏರದೆ ನಿಂತಿದ್ದರೆ ಅಥವಾ ರಾತ್ರಿಯೆಲ್ಲ ನೋವಿನಿಂದೆಂಬಂತೆ ಚೀರುತ್ತಿದ್ದರೆ, ಹಾಲು ಬಿಡಿಸುವ ಉಪಾಯಗಳನ್ನು ಬದಿಗಿಟ್ಟು ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಗೊರಕೆಯನ್ನು ಫೋನಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಂಡು ಹೋದರೆ, ಚಿಕಿತ್ಸಾಲಯದಲ್ಲಿ ಎಚ್ಚರವಾಗಿ ನಗುತ್ತ ಕುಳಿತ ಮಗುವನ್ನು ನೋಡಿ ತಿಳಿಯದ ಸಂಗತಿ ಅವರಿಗೆ ಅದರಿಂದ ತಿಳಿಯುತ್ತದೆ.