ಅಜ್ಜಿ ಮುಖದ ಗುಳಿಗಳು

ಮೆಡಿಕಲ್ ಓದುತ್ತಿದ್ದಾಗಿನ ಮಾತು. ಪರೀಕ್ಷೆಗೆ ಮೂರೇ ದಿನ ಉಳಿದಿತ್ತು. ಸಿಡುಬಿನ ಪಾಠವನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆ. ಅಜ್ಜಿ ಪಕ್ಕದಲ್ಲೇ ಕೂತಿದ್ದರು.

‘ಮೊದಲು ಎರಡರಿಂದ ನಾಲ್ಕು ದಿನ ವಿಪರೀತ ಜ್ವರ, ತಲೆನೋವು, ಸೊಂಟನೋವು. ಆಮೇಲೆ ನಾಲಿಗೆ ಮೇಲೆ ಕೆಂಪು ಚುಕ್ಕೆ...’

‘ಸೊಂಟ ಮುರಿದೇ ಹೋಯ್ತು ಅನ್ನಿಸ್ತಿತ್ತು’ ಅಂದರು ಅಜ್ಜಿ.

ಓದು ನಿಲ್ಲಿಸಿದೆ. ಹುಟ್ಟಿದಾಗಿನಿಂದ ನೋಡಿದ ಮುಖ. ಹತ್ತಿರ ಹೋಗಿ ನೋಡಿದ್ದು ಅವತ್ತೇ. ಮೂಗು, ಕೆನ್ನೆ ತುಂಬ ಒಂದಕ್ಕೊಂದು ತಾಗಿಕೊಂಡ ಗುಳಿಗಳು. ಕೆಲವದರಲ್ಲಿ ನನ್ನ ಕಿರುಬೆರಳ ತುದಿ ಕೂರುತ್ತಿತ್ತು. ಮುಂಗೈಯಲ್ಲೂ ಇದ್ದವು. ಬೆನ್ನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು. ಸಿಡುಬು ಹಾಗೇ, ಮುಖ, ಕೈಕಾಲಿನಲ್ಲೇ ಜಾಸ್ತಿ. ಅಂಗೈ, ಅಂಗಾಲನ್ನೂ ಬಿಡೋದಿಲ್ಲ. ಚಿಕನ್ ಪಾಕ್ಸ್ ಆದರೆ ಹೊಟ್ಟೆ, ಬೆನ್ನಲ್ಲಿ ಜಾಸ್ತಿ. ಅದರಲ್ಲಿ ಒಂದು ಗುಳ್ಳೆ ಒಣಗುವಾಗ ಪಕ್ಕದಲ್ಲಿ ಇನ್ನೊಂದು ಏಳುತ್ತೆ. ಸಿಡುಬಿನ ಗುಳ್ಳೆಗಳು ಒಟ್ಟಿಗೇ ಎದ್ದು, ಒಟ್ಟಿಗೇ ಕೀವು ತುಂಬಿ, ಚರ್ಮದೊಳಗೆ ಮಣಿ ಹುದುಗಿಸಿಟ್ಟ ಹಾಗೆ ಗಟ್ಟಿಯಾಗುತ್ತವೆ.

‘ಔಷಧಿ ಏನು ಕೊಟ್ರು ಅಜ್ಜಿ?’

‘ಏನಿತ್ತು ಕೊಡೋಕೆ?’

ನಿಜ. ಸೋಂಕು ತಗುಲಿದ ಮೂರು ನಾಲ್ಕು ದಿನದೊಳಗೆ ಲಸಿಕೆ ಹಾಕಿದರೆ ತಡೆಯಬಹುದಿತ್ತು. ಗುಳ್ಳೆ ಎದ್ದ ಮೇಲೆ ಆರೈಕೆಯೇ ಎಲ್ಲ. ನೀರು ಕುಡಿಸಬೇಕು, ಕಣ್ಣು ಒರೆಸಬೇಕು, ಹುಣ್ಣು ನಂಜಾಗದಂತೆ ಕಾಯಬೇಕು. ಅಜ್ಜಿಗೆ ಇದನ್ನೆಲ್ಲ ಮಾಡಿದ್ದು ಅವರ ಅಕ್ಕ. ಆಕೆಗೆ ಮೊದಲೇ ಸಿಡುಬು ಬಂದು ಹೋಗಿತ್ತು. ಹಾಗಾಗಿ ಮತ್ತೆ ಬರೋ ಭಯ ಇರಲಿಲ್ಲ.

‘ಬಾಯಿ ತುಂಬ ಹುಣ್ಣು. ಅಕ್ಕ ಬಟ್ಟೆ ಅದ್ದಿ ನಾಲಿಗೆ ಮೇಲೆ ಹನಿ ಹನಿ ಹಿಂಡ್ತಿದ್ದಳು. ಕೊನೇ ಹಕ್ಕಳೆ ಉದುರೋವರೆಗೂ ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ.’

ಕೊನೇ ಹಕ್ಕಳೆ! ನನ್ನ ಪುಸ್ತಕದಲ್ಲೂ ಅದೇ ಇತ್ತು. ಅಲ್ಲಿವರೆಗೂ ರೋಗ ಹರಡುತ್ತೆ. ಅಕ್ಷರ ಬಾರದ ಆ ಹುಡುಗಿ ಅದನ್ನು ತಪ್ಪದೆ ಪಾಲಿಸಿದ್ದಳು.

‘ತಮ್ಮನೂ ಅದೇ ಕೋಣೆಯಲ್ಲಿದ್ದ’ ಅಂದು ಅಜ್ಜಿ ಸುಮ್ಮನಾದರು.

ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು ಅನ್ನೋ ಸಾಲಿಗೆ ಬೆಳಿಗ್ಗೆ ತಾನೇ ಗೆರೆ ಎಳೆದಿದ್ದೆ. ಪುಸ್ತಕ ಮುಚ್ಚಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ನನ್ನ ಎಡ ತೋಳಿನ ಕಲೆ ಸವರಿದರು. ‘ಇದು ಸಿಡುಬಿಗೆ ಹಾಕಿದ್ದಾ?’

‘ಅಲ್ಲ ಅಜ್ಜಿ, ಇದು ಕ್ಷಯಕ್ಕೆ. 1977ರ ಆಮೇಲೆ ಸಿಡುಬು ತಾನಾಗಿ ಯಾರಿಗೂ ಬಂದಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಅದು ಹೋಯ್ತು ಅಂತ ಹೇಳಿಬಿಟ್ರು. ನಾನು ಹುಟ್ಟೋ ಹೊತ್ತಿಗೆ ಆ ಲಸಿಕೆನೇ ನಿಲ್ಲಿಸಿದ್ರು.’

ಅಜ್ಜಿ ಏನೂ ಹೇಳಲಿಲ್ಲ. ನನ್ನ ಬಲ ತೋಳನ್ನೂ ತಿರುಗಿಸಿ ನೋಡಿದರು.